ಇಲಿ ಬಿಟ್ಟು ಜ್ವರ ಮಾತ್ರ ಹೇಳಿದ್ದು

ನಮ್ಮ ಮನೆಯಲ್ಲಿ ಇಲಿಗೆ ಇಲಿ ಎನ್ನುವ ರೂಢಿ ಇರಲಿಲ್ಲ. ನಾನು ಮದುವೆಯಾಗಿ ಹಟ್ಟಿಕೇರಿಗೆ ಬಂದ ಮೊದಲ ವಾರದಲ್ಲೇ ಅತ್ತೆ ಅದನ್ನು ಕಲಿಸಿದ್ದರು. ಅಕ್ಕಿ ಡಬ್ಬಿಯ ಹಿಂದೆ ಏನೋ ಸರಿದದ್ದು ಕಂಡು ನಾನು “ಅಯ್ಯೋ, ಇಲಿ” ಎಂದು ಕೂಗಿದ್ದೆ. ಅತ್ತೆ ಒಲೆಯ ಮುಂದಿನಿಂದ ಏಳದೆಯೇ ಗದರಿದರು.

“ಹೆಸ್ರ್ ಹೇಳ್ಬೇಡ ಮಾರಾಯ್ತಿ. ಅವ್ನಿಗೆ ಕೇಳ್ತದೆ. ಕೇಳ್ದ್ರೆ ನಿನ್ನ ಹೊಸ ಸೀರೆನೇ ಹುಡ್ಕಂಡಿ ಹೋಗಿ ಕತ್ತರಸ್ತ.”

ಅಂದಿನಿಂದ ನನಗೂ ಅವನು ‘ಸಣ್ಣವ’. ಸಣ್ಣವ ಬಂದಾನೆ, ಸಣ್ಣವ ಅವಲಕ್ಕಿ ಚೀಲ ತೂತು ಮಾಡ್ಯಾನೆ. ಬೋನು ಇಡುವಾಗ ಕೂಡ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ತೆಂಗಿನಕಾಯಿ ಚೂರು ಕೈಯಲ್ಲಿ ಹಿಡಿದು ಕಣ್ಣಿನಲ್ಲೇ ಸನ್ನೆ. ಚೌತಿಯ ತಿಂಗಳು ಬಂತೆಂದರೆ ‘ಸಣ್ಣವ’ ಎನ್ನುವುದಕ್ಕೂ ಅತ್ತೆ ಮುಖ ಸಿಂಡರಿಸುತ್ತಿದ್ದರು, ಗಣಪನ ವಾಹನ ಎಂದು. ಇಪ್ಪತ್ತೇಳು ವರ್ಷ ಹೀಗೆ ಕಳೆದ ಮೇಲೆ ಆ ಎರಡಕ್ಷರ ನನ್ನ ನಾಲಿಗೆಯ ಮೇಲೆ ಬರುವುದೇ ನಿಂತುಹೋಗಿತ್ತು. ಬರಬೇಕಾದ ದಿನವೂ ಬರಲಿಲ್ಲ. ಅದಕ್ಕೆ ಅತ್ತೆಯ ರೂಢಿಯನ್ನು ದೂರುವುದು ಸುಲಭ. ಆದರೆ ಆ ದಿನ ನನ್ನ ಬಾಯಿ ಕಟ್ಟಿದ್ದು ರೂಢಿಯೊಂದೇ ಅಲ್ಲ, ನಾನೇ ಬೇಕೆಂದು ಕಟ್ಟಿಕೊಂಡೆ. ನಮ್ಮ ಮನೆಯ ಚಿಕ್ಕ ಸೊಸೆ, ನನ್ನ ಮೈದುನನ ಹೆಂಡತಿ, ತೀರಿಕೊಂಡದ್ದು ಹೇಗೆ ಎಂದು ಬರೆಯಲು ಕೂತರೆ ಮೊದಲು ಇದನ್ನೇ ಬರೆಯಬೇಕು.

ಅವಳು ನನಗಿಂತ ಎಂಟು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ನನ್ನ ಮಗಳ ಬಾಣಂತನದಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳು ಅವಳೇ. ನನ್ನ ಕೈ ಮಗುವಿಗೆ ಗಡುಸು ಎಂದು ಮಗಳೇ ಹೇಳಿದ್ದಳು. ನನ್ನ ಯಜಮಾನರು ಗೋವಾದಲ್ಲಿ ಗಾರೆ ಕೆಲಸಕ್ಕಿದ್ದಾರೆ, ಹಬ್ಬಕ್ಕೆ ಬಂದು ಹೋಗುವವರು. ಹಾಗಾಗಿ ಮನೆಯಲ್ಲಿ ಉಳಿದವರು ನಾವು ನಾಲ್ವರು: ಅತ್ತೆ, ಮೈದುನ, ಅವಳು, ನಾನು. ಒಳಗಿನ ಕೆಲಸ ನನ್ನದು, ಹೊರಗಿನದು ಅವಳದು. ನಮ್ಮ ಗದ್ದೆಯ ಕೆಲಸ ಮುಗಿದ ಮೇಲೆ ಅವಳು ಊರವರ ಗದ್ದೆಗೆ ಕೂಲಿಗೂ ಹೋಗುತ್ತಿದ್ದಳು. ಮನೆಯೊಳಗೆ ಕೂತರೆ ಮೈ ಕೈ ಹಿಡಿಯುತ್ತದೆ ಎನ್ನುವುದು ಅವಳ ಮಾತು. ನಿಜವಾದ ಕಾರಣ, ಗದ್ದೆಯಲ್ಲಿ ಹತ್ತು ಹೆಂಗಸರು ಸಾಲಾಗಿ ಬಗ್ಗಿ ಕೆಲಸ ಮಾಡುವಾಗ ಸಿಗುವ ಮಾತು ಮನೆಯಲ್ಲಿ ಸಿಗುತ್ತಿರಲಿಲ್ಲ.

ಸಂಜೆ ಬಂದು ಹಿತ್ತಿಲ ಬಾಗಿಲಲ್ಲಿ ನಿಂತು ಕಾಲು ತೊಳೆಯುವಾಗ ನಾನು ಅಲ್ಲೇ ನಿಂತು ನೋಡುತ್ತಿದ್ದೆ, ಕೆಸರು ಒಳಗೆ ಬರಬಾರದು ಎಂದು.

“ನೋಡ್, ನೋಡ್, ಹಿಮ್ಮಡಿನೂ ನೋಡ್,” ಎಂದು ಅವಳು ಕಾಲೆತ್ತಿ ತೋರಿಸುತ್ತಿದ್ದಳು. “ನಿನ್ನ ಅಡಿಗೆಮನೆಗೆ ಇರುವೆನೂ ಕಾಲ್ ತೊಳ್ಕಂಡೇ ಬರ್ಬೇಕಲೆ ಅಕ್ಕಾ.”

“ನಿನ್ನ ಹಂಗೆ ಇದ್ರೆ ಇರುವೆ ಎಂತಕೆ, ಏಡಿನೂ ಬತ್ತದೆ.”

“ಬರ್ಲಿ. ಸಾರ್ ಮಾಡ್ವ.”

ಆ ಕಾಲುಗಳನ್ನು ನಾನು ದಿನಾ ನೋಡಿದ್ದೇನೆ. ಮಳೆಗಾಲದಲ್ಲಿ ನೀರಿನಲ್ಲೇ ನಿಂತು ನಿಂತು ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಬಿರಿಯುತ್ತಿತ್ತು. ನಾವು ಅದನ್ನು ಕೆಸರು ಹುಣ್ಣು ಎನ್ನುತ್ತೇವೆ. ಗದ್ದೆ ಕೆಲಸದ ಎಲ್ಲ ಹೆಂಗಸರಿಗೂ ಇರುವುದೇ. ಅವಳು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ತುಂಬಿಕೊಂಡು, ಮರುದಿನ ಬೆಳಿಗ್ಗೆ ಮತ್ತೆ ನೀರಿಗಿಳಿಯುತ್ತಿದ್ದಳು. ಅದು ರೋಗದ ಬಾಗಿಲು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಚೌತಿಗೆ ಇನ್ನೂ ಒಂಬತ್ತು ದಿನ ಇರುವಾಗ ಅವಳಿಗೆ ಜ್ವರ ಬಂತು. ಹಿಂದಿನ ವಾರ ಹಳ್ಳದ ಪಕ್ಕದ ಗದ್ದೆಯಲ್ಲಿ ಕಳೆ ಕಿತ್ತಿದ್ದರು. ಆ ಗದ್ದೆಯಲ್ಲಿ ನೀರು ಹರಿಯುವುದಿಲ್ಲ, ನಿಲ್ಲುತ್ತದೆ. ಮೊಣಕಾಲಿನವರೆಗೆ ಕಂದು ನೀರು. ಬದುವಿನ ತುಂಬ ಬಿಲ. ಅವಳು ಬಂದು ನಗುತ್ತ ಹೇಳಿದ್ದಳು, “ಸಣ್ಣವ್ರ ಸಂಸಾರನೇ ಅದೆ ಅಲ್ಲಿ. ನಾವ್ ಬದು ಹತ್ತದ್ರೆ ಅವ್ರು ಇಳೀತ್ರು, ನಾವ್ ಇಳ್ದ್ರೆ ಅವ್ರು ಹತ್ತತ್ರು.”

ಮೊದಲ ದಿನ ಚಳಿ ಜ್ವರ. ನಾನು ಕಾಳುಮೆಣಸು ಕಷಾಯ ಕೊಟ್ಟೆ. ಎರಡನೆಯ ದಿನ ಕಾಲಿನ ಮೀನಖಂಡ ಹಿಂಡಿದ ಹಾಗೆ ನೋವು, ಪಾಯಿಖಾನೆಗೆ ಹೋಗಲೂ ಗೋಡೆ ಹಿಡಿಯಬೇಕು. ಕಣ್ಣು ಕೆಂಪು. “ಅತ್ತಂಗೆ ಕಾಣ್ತದೆ, ಗಂಡ ಎಂತಾ ಹೇಳ್ದಾ?” ಎಂದು ನಾನು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ. ನಾನು ಒಂದು ಮಾತು ಹೇಳಿ ಅವಳು ತಿರುಗಿ ಹೇಳದೆ ಇದ್ದದ್ದು ಅದೇ ಮೊದಲು. ಮೈದುನ ಆ ದಿನ ದೋಣಿಯ ಮರ ಸಾಗಿಸುವ ಕೆಲಸಕ್ಕೆ ಹೋಗಿದ್ದ. ನಾನೇ ರಿಕ್ಷಾ ಕರೆಸಿ ಅವಳನ್ನು ಅಂಕೋಲೆಗೆ ಕರೆದುಕೊಂಡು ಹೋದೆ.

ಅಲ್ಲಿ ನಾವು ಯಾವಾಗಲೂ ತೋರಿಸುವ ಒಬ್ಬ ವಯಸ್ಸಾದ ಡಾಕ್ಟರರಿದ್ದರು. ಗಡಿಬಿಡಿ ಇಲ್ಲದವರು. ಅವರು ಅವಳ ಕಣ್ಣು ನೋಡಿದರು, ಹೊಟ್ಟೆ ಒತ್ತಿದರು, ಆಮೇಲೆ ಮೀನಖಂಡ ಒತ್ತಿದರು. ಅವಳು ಕಿರುಚಿದಳು. ಅವಳನ್ನು ಇಂಜೆಕ್ಷನಿಗೆ ಪಕ್ಕದ ಕೋಣೆಗೆ ಕಳಿಸಿ ನನ್ನ ಕಡೆ ತಿರುಗಿದರು.

“ಮನೇಲಿ ಇಲಿ ಕಾಟ ಅದ್ಯಾ?”

“ಛೇ! ಇಲ್ಲ ಡಾಕ್ಟ್ರೆ,” ಎಂದೆ. ಅವರು ನನ್ನ ಅಡುಗೆಮನೆಯನ್ನೇ ಬೈದಂತೆ ಕೇಳಿಸಿತು ನನಗೆ.

“ಮನೇಲಿ ಇಲ್ದಿದ್ರೆ ಗದ್ದೇಲಿ ಇರ್ತದೆ. ಇದು ಇಲಿ ಜ್ವರ ಇರ್ಬಹುದು. ಈಗಲೇ ಹೋಗಿ ಎದುರಿನ ಲ್ಯಾಬಿನಲ್ಲಿ ರಕ್ತ ಕೊಡಿ. ಸಂಜೆ ವರದಿ ತಗೊಂಡು ಬನ್ನಿ, ಅದೇ ಹೌದಾದ್ರೆ ಅದರ ಔಷಧಿ ಇವತ್ತೇ ಶುರು ಮಾಡ್ವ. ತಡ ಮಾಡ್ಬೇಡಿ, ಮೂತ್ರಪಿಂಡಕ್ಕೆ ಬಡೀತದೆ.” ಚೀಟಿ ಬರೆದು ಕೊಟ್ಟರು. ಒಂದು ದಿನದ ಜ್ವರದ ಮಾತ್ರೆ ಕೊಟ್ಟರು. ಅವರು ಹೇಳಬೇಕಾದ್ದನ್ನೆಲ್ಲ ಹೇಳಿದ್ದರು. ಇದನ್ನು ನಾನು ಆಮೇಲೆ ಎಷ್ಟೋ ಜನರ ಮುಂದೆ ಹೇಳಿದ್ದೇನೆ, ಏಕೆಂದರೆ ನಮ್ಮ ಕಡೆ ಸಾವಾದರೆ ಮೊದಲು ಡಾಕ್ಟರರನ್ನೇ ಬೈಯುತ್ತಾರೆ.

ಲ್ಯಾಬು ರಸ್ತೆಯ ಆಚೆ ಬದಿಗೆ. ಅವಳನ್ನು ಭುಜಕ್ಕೆ ಒರಗಿಸಿಕೊಂಡು ರಸ್ತೆ ದಾಟಿ ಬಾಗಿಲಿಗೆ ಹೋದೆ. ಒಳಗಿನ ಬೆಂಚಿನ ಮೇಲೆ ಬೊಬ್ರುವಾಡದ ಅತ್ತಿಗೆ ಕೂತಿದ್ದರು.

ಅವರು ನನ್ನ ಯಜಮಾನರ ದೊಡ್ಡಪ್ಪನ ಮನೆಯ ಹಿರಿಯ ಸೊಸೆ. ನಮ್ಮ ಕುಲದ ಏಳು ಮನೆಗಳಿಗೆ ಒಂದೇ ಗಣಪತಿ. ಅದನ್ನು ಕೂರಿಸುವುದು ಬೊಬ್ರುವಾಡದ ಅವರ ಮೂಲಮನೆಯಲ್ಲಿ. ಹಬ್ಬಕ್ಕೆ ಏಳೂ ಮನೆಯವರು ತಿನ್ನುವ ಚಕ್ಕುಲಿ, ಕರಜೀಕಾಯಿಗಳನ್ನು ವರ್ಷಕ್ಕೊಂದು ಮನೆಯವರು ಮಾಡಿ ಒಯ್ಯಬೇಕು. ಆ ವರ್ಷ ನಮ್ಮ ಪಾಳಿ. ಅಕ್ಕಿ ತೊಳೆದು ಒಣಗಿಸಿ, ಬೀಸಿಸಿಕೊಂಡು ಬಂದು, ಹಿಟ್ಟನ್ನು ಮೂರು ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಇಟ್ಟಿದ್ದೆ. ಅತ್ತಿಗೆಗೆ ನಮ್ಮ ಮನೆಯ ತಿಂಡಿಯಲ್ಲಿ ಹಿಂದೊಂದು ಸಲ ಕೂದಲು ಸಿಕ್ಕಿತ್ತು. ಹನ್ನೊಂದು ವರ್ಷವಾದರೂ ಪ್ರತಿ ಚೌತಿಗೆ ಆ ಕೂದಲನ್ನು ಎತ್ತಿ ಆಡುತ್ತಿದ್ದರು.

ಅಷ್ಟರಲ್ಲಿ ಲ್ಯಾಬಿನ ಹೆಂಗಸು ಕಿಟಕಿಯಿಂದ ತಲೆ ಹಾಕಿ ಯಾರನ್ನೋ ಜೋರಾಗಿ ಕರೆದಳು, “ಸಕ್ಕರೆ ಕಾಯಿಲೆದ್ದು ಯಾರದ್ದು? ಬನ್ನಿ!” ಬೊಬ್ರುವಾಡದ ಅತ್ತಿಗೆ ಎದ್ದರು. ಇನ್ನು ಐದು ನಿಮಿಷಕ್ಕೆ ಆ ಲ್ಯಾಬಿನವಳು ಇದೇ ಗಂಟಲಿನಲ್ಲಿ “ಇಲಿ ಜ್ವರದ್ದು ಯಾರದ್ದು?” ಎಂದು ಕೂಗುತ್ತಾಳೆ. ಸಂಜೆಯೊಳಗೆ ಏಳು ಮನೆಗೆ ಸುದ್ದಿ. ಅವ್ರ ಮನೇಲಿ ಇಲಿ ಜ್ವರ ಅಂತೆ, ಹಿಟ್ಟಿನ ಡಬ್ಬೀಲಿ ಎಂತೆಂತಾ ಇತ್ತೋ. ಯಾರೂ ಮುಟ್ಟುವುದಿಲ್ಲ. ನಾನು ಕರಿದದ್ದೆಲ್ಲ ಬುಟ್ಟಿಯಲ್ಲೇ ಉಳಿಯುತ್ತದೆ.

ನಾನು ಚೀಟಿಯನ್ನು ಮಡಿಚಿ ರವಿಕೆಯೊಳಗೆ ಹಾಕಿಕೊಂಡೆ.

“ಇಲ್ಲಿ ಬಾಳ ಜನ ಅದೆ,” ಎಂದೆ ಅವಳಿಗೆ. “ನಾಳೆ ಬರ್ವ.”

ಅವಳಿಗೆ ನಿಲ್ಲುವುದೇ ಕಷ್ಟವಾಗಿತ್ತು, ಮನೆಗೆ ಹೋಗುವುದು ಎಂದರೆ ಸಾಕಾಗಿತ್ತು. ರಿಕ್ಷಾದಲ್ಲಿ ಕೇಳಿದಳು:

“ಎಂತಾ ಹೇಳಿದ್ರು ಡಾಕ್ಟ್ರು?”

“ಜ್ವರ ಹೇಳಿದ್ರು.”

“ಜ್ವರ ಹೇಳಿ ನಂಗೂ ಗೊತ್ತಿತ್ತಲೆ ಅಕ್ಕಾ. ಅದ್ಕೆ ಅಂಕೋಲೆಗೆ ಬರ್ಬೇಕಿತ್ತಾ?” ಎಂದು ಕಣ್ಣು ಮುಚ್ಚಿಕೊಂಡೇ ನಕ್ಕಳು.

ಆ ರಿಕ್ಷಾದಲ್ಲಿ ನಾನು ಅಷ್ಟೇನೂ ಕಳವಳಪಡಲಿಲ್ಲ. ಇಲಿ ಜ್ವರ ಎಂದರೆ ಇಲಿ ಕಚ್ಚಿದರೆ ಬರುವುದು ಎಂದು ನಾನು ತಿಳಿದಿದ್ದೆ. ನಾಯಿ ಕಚ್ಚಿದರೆ ಹುಚ್ಚು ಬರುವ ಹಾಗೆ. ಅವಳ ಮೈಮೇಲೆ ಎಲ್ಲೂ ಕಚ್ಚಿದ ಗುರುತಿಲ್ಲ, ದಿನಾ ಕಾಲು ನೋಡುವವಳು ನಾನೇ. ಹಾಗಿದ್ದ ಮೇಲೆ ಡಾಕ್ಟರರಿಗೆ ತಪ್ಪಿರಬೇಕು, ನಾಳೆ ಜ್ವರ ಇಳಿಯುತ್ತದೆ. ಆ ಹೆಸರು ನನಗೆ ಅಷ್ಟು ಸುಳ್ಳು ಹೇಳಿತು. ಉಳಿದ ಸುಳ್ಳನ್ನು ನಾನೇ ಹೇಳಿಕೊಂಡೆ.

ಮರುದಿನ ಜ್ವರ ನಿಜವಾಗಿಯೂ ಇಳಿಯಿತು. ಅದನ್ನು ಕಂಡು ನಾನು ಗೆದ್ದಂತೆ ಒಲೆ ಹಚ್ಚಿ ಚಕ್ಕುಲಿಗೆ ಹಿಟ್ಟು ಕಲಸಿದೆ. ಅವಳು ಚಾಪೆಯ ಮೇಲೆ ಒರಗಿಕೊಂಡು ನೋಡುತ್ತಿದ್ದಳು. ಆದರೆ ಮಧ್ಯಾಹ್ನ ಅವಳು ಬೆಳಕಿಗೆ ಮುಖ ತಿರುಗಿಸಿದಾಗ ಅತ್ತೆಗೆ ಅವಳ ಕಣ್ಣು ಹಳದಿ ಕಂಡಿತು. ಉಗುರು ನೋಡಿದರು, ಅಂಗೈ ನೋಡಿದರು.

“ಕಾಮಾಲೆ,” ಎಂದರು.

ಕಾಮಾಲೆ ಎಂಬುದು ನಮ್ಮ ಮನೆಗಳಲ್ಲಿ ಧೈರ್ಯದ ಹೆಸರು. ಎಲ್ಲರಿಗೂ ಬಂದು ಹೋದದ್ದು. ಕೊಂಕಣಿಯವರು ಕಾಮೀಣ ಎನ್ನುತ್ತಾರೆ. ಹೆಸರು ಯಾವುದಾದರೂ ಮದ್ದು ಒಂದೇ, ಸೊಪ್ಪಿನ ರಸ. ನಮ್ಮಲ್ಲಿ ಹಳ್ಳದಾಚೆಯ ಒಬ್ಬ ಮುದುಕಿ ಅದನ್ನು ಕೊಡುತ್ತಾಳೆ. ಮೂರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಆಕಳ ಹಾಲಿನಲ್ಲಿ ಕಲಸಿ. ಉಪ್ಪು, ಎಣ್ಣೆ ಬಿಡಬೇಕು. ಆ ಮುದುಕಿ ಎಷ್ಟೋ ಜನರಿಗೆ ಕೊಟ್ಟಿದ್ದಾಳೆ, ಎಷ್ಟೋ ಜನ ಎದ್ದು ಓಡಾಡಿಕೊಂಡಿದ್ದಾರೆ. ಅವಳನ್ನು ದೂರಲು ನನಗೆ ಬಾಯಿಲ್ಲ. ಅವಳಿಗೆ ನಾವು ಹೇಳಿದ್ದು ಕಾಮಾಲೆ ಎಂದು.

ಮೈದುನ ಕೇಳಿದ, “ಅತ್ಗೆ, ಡಾಕ್ಟ್ರು ಕಾಮಾಲೆ ಹೇಳಿ ಹೇಳಿದ್ರಾ?”

“ಜ್ವರ ಹೇಳಿದ್ರು,” ಎಂದೆ ಎರಡನೆಯ ಸಲ.

“ಮತ್ತೊಂದ್ಸಲ ತೋರಸ್ವನಾ?”

ಅತ್ತೆ ಅಂದರು, “ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ ತಮ್ಮಾ. ಮೂರ್ ದಿನ ಸುಮ್ಗಿರು.”

ಅವನು ನನ್ನ ಮುಖ ನೋಡಿದ. ನಾನು ಎಣ್ಣೆಯಿಂದ ಚಕ್ಕುಲಿ ಎತ್ತುತ್ತಿದ್ದೆ. ಚೀಟಿ ಆಗ ಒಗೆಯುವ ಬಟ್ಟೆಯ ರಾಶಿಯಲ್ಲಿ ಇತ್ತೋ, ಒಗೆದ ಬಟ್ಟೆಯಲ್ಲಿ ಹಿಟ್ಟಾಗಿತ್ತೋ, ನಾನು ನೋಡಲೂ ಇಲ್ಲ. ಆ ಮೂರು ದಿನ ನಾನು ಅವಳ ಸೇವೆಯನ್ನು ಎಷ್ಟು ಚೆನ್ನಾಗಿ ಮಾಡಿದೆ ಎಂದರೆ ನೆನೆಸಿಕೊಂಡರೆ ಈಗ ಹೇಸಿಗೆಯಾಗುತ್ತದೆ. ಬಿಸಿನೀರಿನಲ್ಲಿ ಮೈ ಒರೆಸಿದೆ. ಗಂಜಿ ತಿಳಿಯನ್ನು ಚಮಚದಲ್ಲಿ ಕುಡಿಸಿದೆ. ಹೊದಿಕೆ ದಿನಾ ಬದಲಿಸಿದೆ. ಹೇಳಬೇಕಾದ ಒಂದು ಮಾತನ್ನು ಬಿಟ್ಟು ಬಾಕಿ ಎಲ್ಲ ಮಾಡಿದೆ.

ಮೂರನೆಯ ಬೆಳಿಗ್ಗೆ ರಸ ಕುಡಿಸುವಾಗ ಅವಳ ಮುಖ ಊದಿಕೊಂಡಿತ್ತು. ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ.

“ಒಂದಕ್ಕೆ ಯಾವಾಗ ಹೋಗಿದ್ಯೇ?” ಎಂದು ಕೇಳಿದೆ.

ಅವಳು ಯೋಚಿಸಿದಳು. “ಮೊನ್ನೆ... ಅಲ್ಲ, ನಿನ್ನೆ ಬೆಳಿಗ್ಗೆ. ಬರೇ ಇಷ್ಟೇ.” ಬೆರಳು ತೋರಿಸಿದಳು. “ಕೆಂಪು ಇತ್ತು.”

ಮೂತ್ರಪಿಂಡಕ್ಕೆ ಬಡಿಯುತ್ತದೆ ಎಂದು ಡಾಕ್ಟರರು ಹೇಳಿದ್ದು ಆಗ ನನ್ನ ಕಿವಿಯೊಳಗೆ ಅವರದೇ ಧ್ವನಿಯಲ್ಲಿ ಕೇಳಿತು. ಅಷ್ಟು ದಿನ ಎಲ್ಲಿತ್ತೋ ಅದು. ನಾನು ಲೋಟ ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿ ಮೈದುನನಿಗೆ “ಕಾರವಾರಕ್ಕೆ ಹೋಗ್ವ, ಈಗ್ಲೇ” ಎಂದು ಕೂಗಿದೆ. ಅತ್ತೆ ಇನ್ನೂ ಪಥ್ಯದ ಮಾತೆತ್ತಿದರು. ನಾನು ಮೊದಲ ಸಲ ಅವರಿಗೆ ಎದುರಾಡಿದೆ, “ನೀವ್ ಸುಮ್ಗಿರಿ.”

ನಮ್ಮೂರಿನಿಂದ ಕಾರವಾರಕ್ಕೆ ದೂರವೇನಿಲ್ಲ. ಅವರ್ಸಾ, ಅಮದಳ್ಳಿ, ಆಮೇಲೆ ಬಿಣಗಾ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ ಇತ್ತು. ಮಳೆ ಹಿಡಿದು ಹೊಡೆಯುತ್ತಿತ್ತು. ಅಮದಳ್ಳಿ ದಾಟಿದ ಮೇಲೆ ಅವಳು ಕಣ್ಣು ತೆರೆದು, “ಅಕ್ಕಾ, ಚಕ್ಲಿ ಎಷ್ಟಾತು?” ಎಂದಳು.

“ಆಯ್ತು. ಎಲ್ಲಾ ಆಯ್ತು.”

“ಬೊಬ್ರುವಾಡದವ್ರಿಗೆ ಒಂದ್ ಚಕ್ಲಿ ಒಳ್ಗೆ ನನ್ನ ಕೂದ್ಲ ಹಾಕಿ ಕರಿ. ಪಾಪ, ಹಳೇ ಕೂದ್ಲ ಸವ್ದ್ ಹೋಗ್ಯದೆ.”

ಮುಂದಿನ ಸೀಟಿನಿಂದ ಮೈದುನ ನಕ್ಕ. ನಾನೂ ನಕ್ಕೆ. ಅವಳು ಸ್ಪಷ್ಟವಾಗಿ ಆಡಿದ ಕೊನೆಯ ಮಾತು ಅದು.

ಆಸ್ಪತ್ರೆಯಲ್ಲಿ ಕೂಡಲೇ ಒಳಗೆ ಕರೆದುಕೊಂಡರು. ಘಟ್ಟದ ಮೇಲಿನ ಕಡೆಯ, ಧಾರವಾಡದ ಮಾತಿನ ಒಬ್ಬ ಹುಡುಗಿ ಡಾಕ್ಟರು ಹೊರಗೆ ಬಂದು ಕಾಗದ ಹಿಡಿದು ನಮ್ಮನ್ನು ಕೇಳಿದಳು.

“ಎಷ್ಟ್ ದಿನ ಆತ್ರಿ ಜ್ವರ ಬಂದು?”

“ಆರು ದಿನ,” ಎಂದ ಮೈದುನ.

“ಮೊದಲ ಎಲ್ಲಿ ತೋರಿಸಿದ್ರಿ? ಏನಂದ್ರು ಅಲ್ಲೆ?”

“ಅಂಕೋಲೇಲಿ. ಬರೇ ಜ್ವರ ಹೇಳಿದ್ರು.”

ಅವನು ನಂಬಿ ಹೇಳಿದ ಮಾತು. ಅವಳು ಬರೆದುಕೊಳ್ಳುತ್ತಿದ್ದಳು. ಬರೆದರೆ ಅದೇ ನಿಜವಾಗುತ್ತಿತ್ತು. ತಪ್ಪು ಅಂಕೋಲೆಯ ಆ ವಯಸ್ಸಾದ ಡಾಕ್ಟರರ ಮೇಲೆ ಹೋಗುತ್ತಿತ್ತು, ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಒಳಗೆ ಮಲಗಿದವಳಿಗೆ ಏನಾಗಿದೆ ಎಂದು ಅವರು ಇನ್ನೂ ಹುಡುಕುತ್ತಿದ್ದಾರೆ ಎಂದು ನನಗನ್ನಿಸಿತು.

“ಇಲಿ ಜ್ವರ ಇರ್ಬಹುದು ಅಂದಿದ್ರು,” ಎಂದೆ. “ರಕ್ತ ಕೊಡುಕೆ ಹೇಳಿದ್ರು. ಕೊಡ್ಲಿಲ್ಲ.”

“ಯಾಕ್ರಿ?”

ಅವಳು ಉತ್ತರಕ್ಕೆ ಕಾಯಲಿಲ್ಲ, ಒಳಗೆ ಹೋಗಿ ನರ್ಸಿಗೆ ಜೋರಾಗಿ ‘ಇಲಿ ಜ್ವರ’ ಎಂದಳು. ನರ್ಸು ಇನ್ನೊಬ್ಬಳಿಗೆ ಕೊಂಕಣಿಯಲ್ಲಿ ಅದನ್ನೇ ದಾಟಿಸಿದಳು, ಉಂದ್ರಾಚೊ ತಾಪ ಎಂದು. ಎಲ್ಲರೂ ಅದನ್ನು ಎಷ್ಟು ಸಲೀಸಾಗಿ ಹೇಳುತ್ತಿದ್ದರು! ಯಾರೂ ತಿರುಗಿ ನೋಡಲಿಲ್ಲ. ಬೆಂಚಿನ ಮೇಲಿದ್ದ ಬೇರೆ ರೋಗಿಗಳ ಕಡೆಯವರೂ ತಲೆ ಎತ್ತಲಿಲ್ಲ.

ಮೈದುನ ಮಾತ್ರ ನೋಡಿದ.

“ಹೌದಾ ಅತ್ಗೆ?” ಎಂದ.

“ಹೌದು.”

ಅವನು ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು, ಬೊಬ್ರುವಾಡದ ಅತ್ತಿಗೆಯ ವಿಷಯ, ತಿಂಡಿಯ ಪಾಳಿಯ ವಿಷಯ. ಅವುಗಳನ್ನು ಹೇಳಲು ಅವನು ನನಗೆ ಜಾಗವನ್ನೇ ಕೊಡಲಿಲ್ಲ.

ಅಲ್ಲಿ ಎರಡು ದಿನ ಕೂತೆವು. ಅವಳ ರಕ್ತವನ್ನು ಯಂತ್ರದಲ್ಲಿ ತೊಳೆಯುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ಆ ಹುಡುಗಿ ಡಾಕ್ಟರು ಊಟಕ್ಕೆ ಹೋಗುವವಳು ನನ್ನ ಹತ್ತಿರ ನಿಂತಳು. ಅವಳ ಕೈಯಲ್ಲಿದ್ದ ಕಾಗದದಲ್ಲಿ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಇದೇನು ಎಂದು ಕೇಳಿದೆ. ಬಿಡಿಸಿ ಓದಿದಳು: ಲೆಪ್ಟೊಸ್ಪೈರೋಸಿಸ್.

“ಇಲಿ ಕಚ್ಚಲಿಲ್ಲ ಡಾಕ್ಟ್ರೆ ಅವ್ಳಿಗೆ,” ಎಂದೆ. ಇಷ್ಟಾದ ಮೇಲೂ ಅದನ್ನೇ ಹೇಳಿದೆ.

“ಕಚ್ಚೂದಲ್ರಿ ಇದು. ಇಲಿ ಉಚ್ಚಿ ನೀರಿಗೆ ಸೇರತೈತಿ. ಆ ನೀರಾಗ ನಿಂತವರ ಕಾಲ ಬಿರುಕಿನಾಗಿಂದ ಹುಳ ಒಳಗ ಹೋಕ್ಕಾವ. ಬರೀ ಕಣ್ಣಿಗೆ ಕಾಣಂಗಿಲ್ಲ. ಲೆಪ್ಟೊ ಅಂದ್ರ ಸಣ್ಣಂದು, ತೆಳ್ಳಂದು. ಸ್ಪೈರ ಅಂದ್ರ ಸುರುಳಿ.”

“ಸಣ್ಣಂದು?”

“ಹೂಂ. ಸಣ್ಣಂದು.”

ನನ್ನ ಮುಖ ನೋಡಿ ಉಪವಾಸವಿದ್ದೇನೆ ಎನಿಸಿರಬೇಕು ಅವಳಿಗೆ, ಏನಾದರೂ ತಿನ್ನಿ ಎಂದಳು. ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದಳು. “ಹೆಸರ ಸರಿ ಇಲ್ರಿ ಇದಕ್ಕ. ನೀರಿನ ಜ್ವರ, ಗದ್ದಿ ಜ್ವರ ಅಂತ ಏನರೆ ಇಟ್ಟಿದ್ರ ಮಂದಿ ಲಗೂ ಬರ್ತಿದ್ರು. ಇಲಿ ಅಂದಕೂಡ್ಲೆ ಎಲ್ಲಾರೂ ಮನ್ಯಾಗ ಹುಡುಕ್ತಾರ.”

ನಾನು ಇದನ್ನು ಆಮೇಲೆ ತುಂಬ ಯೋಚಿಸಿದ್ದೇನೆ. ಅದರ ಹೆಸರು ಗದ್ದೆ ಜ್ವರ ಎಂದಿದ್ದರೆ ನಾನು ಲ್ಯಾಬಿನ ಬಾಗಿಲಲ್ಲಿ ನಿಂತು ಬೊಬ್ರುವಾಡದ ಅತ್ತಿಗೆಗೆ ನಾನೇ ಕರೆದು ಹೇಳುತ್ತಿದ್ದೆ. ದುಡಿದು ಬಂದ ಜ್ವರ ಅಲ್ಲವೇ ಅದು? ಕನಿಕರ ಸಿಗುತ್ತಿತ್ತು. ಇಲಿ ಎಂದಾಗ ಅದು ಹೆಂಗಸಿನ ಮೇಲೆ ಬರುತ್ತದೆ, ಅವಳ ಡಬ್ಬಿಯ ಮುಚ್ಚಳದ ಮೇಲೆ, ಅವಳ ಪೊರಕೆಯ ಮೇಲೆ. ಹೀಗೆಲ್ಲ ಯೋಚಿಸಿ ತಪ್ಪನ್ನು ಹೆಸರಿನ ಮೇಲೆ ಹಾಕಿ ಸ್ವಲ್ಪ ಹೊತ್ತು ಹಗುರಾಗುತ್ತೇನೆ. ಆಮೇಲೆ ರಿಕ್ಷಾ ನೆನಪಾಗುತ್ತದೆ. ಅಲ್ಲಿ ಬೊಬ್ರುವಾಡದವರು ಇರಲಿಲ್ಲ. ನಾನೂ ಅವಳೂ ಇಬ್ಬರೇ ಇದ್ದೆವು. ಅವಳಿಗೆ ಹೇಳಬಹುದಿತ್ತು.

ಅವಳು ಮೂರನೆಯ ದಿನ ಬೆಳಿಗ್ಗೆ ಹೋದಳು. ಚೌತಿಗೆ ಎರಡೇ ದಿನ ಬಾಕಿ ಇತ್ತು. ಏಳೂ ಮನೆಗೆ ಸೂತಕ, ಆ ವರ್ಷ ಗಣಪತಿ ಕೂರಿಸಲಿಲ್ಲ. ಮೂರು ಡಬ್ಬಿ ತಿಂಡಿಯನ್ನು ಏನು ಮಾಡಬೇಕೆಂದು ತಿಳಿಯದೆ ಹನ್ನೆರಡನೆಯ ದಿನ ಕಳೆದ ಮೇಲೆ ದನಗಳಿಗೆ ಹಾಕಿದೆ. ಬೊಬ್ರುವಾಡದ ಅತ್ತಿಗೆ ಸಾವಿನ ಮನೆಗೆ ಬಂದು ನನ್ನನ್ನು ಅಪ್ಪಿಕೊಂಡು ಅತ್ತರು. ಅವರೇ ನಮ್ಮ ಮನೆಗೆ ಗಂಜಿ ಬೇಯಿಸಿ ಕಳಿಸಿದ್ದರು. ಅವರಿಗೆ ನಾನೇ ಹೇಳಿದೆ, ಇಲಿ ಜ್ವರ ಎಂದು. “ಅಯ್ಯೋ, ನಮ್ಮ ತವರಲ್ಲೂ ಒಬ್ರಿಗೆ ಆಗಿತ್ತು ತಂಗಿ,” ಎಂದರು. “ಮಾತ್ರೆ ಕೊಟ್ರು, ಎಂಟ್ ದಿನಕ್ಕೆ ಎದ್ರು.” ಅಷ್ಟೇ. ನಾನು ಹೆದರಿದ್ದ ಮಾತು ಅವರ ಬಾಯಿಂದ ಬರಲೇ ಇಲ್ಲ.

ಅವಳೊಂದಿಗೆ ಆ ಗದ್ದೆಯಲ್ಲಿ ಕಳೆ ಕಿತ್ತವರನ್ನು ಹುಡುಕಿಕೊಂಡು ಆಶಾ ಕಾರ್ಯಕರ್ತೆ ಬಂದಾಗ ನಾನೂ ಜೊತೆಗೆ ಮನೆಮನೆಗೆ ಹೋದೆ. ಇನ್ನೊಬ್ಬಳಿಗೆ ಜ್ವರ ಶುರುವಾಗಿತ್ತು. ಅವಳು “ನಂಗೆ ಎಂತಾ ಆಗ್ಲಿಲ್ಲ, ಹೋಗಿ” ಎಂದು ಬಾಗಿಲು ಹಾಕಿಕೊಳ್ಳಲು ಬಂದಳು. ನಾನು ಹೊಸ್ತಿಲ ಮೇಲೆ ಕಾಲಿಟ್ಟು ನಿಂತು, ನಾನು ಮಾಡಿದ್ದನ್ನು ಹೇಳಿದೆ. ಲ್ಯಾಬಿನ ಬಾಗಿಲು, ಚೀಟಿ, ಎಲ್ಲ. ಅವಳು ಆ ದಿನವೇ ರಕ್ತ ಕೊಟ್ಟಳು. ಈಗ ಚೆನ್ನಾಗಿದ್ದಾಳೆ. ದಾರಿಯಲ್ಲಿ ಸಿಕ್ಕರೆ ನನ್ನ ಕಣ್ಣು ತಪ್ಪಿಸಿ ಹೋಗುತ್ತಾಳೆ. ಅವಳನ್ನು ಕಂಡರೆ ನನಗೂ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ.

ಮೈದುನ ಮನೆಯಲ್ಲೇ ಇದ್ದಾನೆ. ನಾನು ಬಡಿಸಿದ್ದನ್ನು ಉಣ್ಣುತ್ತಾನೆ. ಅತ್ಗೆ ಎಂದೇ ಕರೆಯುತ್ತಾನೆ. ಕಾರವಾರದ ಆ ಬೆಂಚಿನ ಮೇಲೆ ಕೇಳಿದ “ಹೌದಾ ಅತ್ಗೆ” ಎಂಬುದನ್ನು ಬಿಟ್ಟರೆ ಆ ವಿಷಯದಲ್ಲಿ ನನ್ನನ್ನು ಒಂದು ಮಾತು ಕೇಳಿಲ್ಲ. ಕೇಳಲಿ ಎಂದು ನಾನು ಕಾಯುತ್ತಿದ್ದೆ. ಅತ್ತೆಗೆ ಎಲ್ಲ ಗೊತ್ತಾಗಿದೆ. ಅವರು ಒಂದು ದಿನ ಕಾರಣವಿಲ್ಲದೆ “ತಪ್ಪು ನಂದೇ” ಎಂದರು. ನಾನು “ಅಲ್ಲ” ಎಂದೆ. ಅದಕ್ಕಿಂತ ಮುಂದೆ ನಮ್ಮಿಬ್ಬರಿಗೂ ಹೋಗಲಾಗಲಿಲ್ಲ.

ಮೊನ್ನೆಯ ಮಳೆಗಾಲ ಶುರುವಾಗುವಾಗ, ಸಸಿ ನಟ್ಟಿಯ ದಿನ ಬೆಳಿಗ್ಗೆ, ಆಶಾ ಕಾರ್ಯಕರ್ತೆ ಗದ್ದೆಗೆ ಇಳಿಯುವವರಿಗೆ ಮಾತ್ರೆ ಹಂಚಲು ನಮ್ಮ ಅಂಗಳಕ್ಕೇ ಬಂದಳು. ಹದಿನೈದಿಪ್ಪತ್ತು ಜನ ಸೇರಿದ್ದರು. ಹೆಂಗಸರು ಮಾತ್ರೆ ತೆಗೆದುಕೊಂಡು, ಉಷ್ಣ ಆಗ್ತದಾ, ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳುತ್ತಿದ್ದರು. ಒಬ್ಬಳು, “ಇಷ್ಟ್ ದೊಡ್ಡ್ ಗುಳಿಗೆ ನುಂಗುಕಿಂತ ಇಲಿನೇ ನುಂಗ್ಬಹುದು,” ಎಂದಳು. ಎಲ್ಲರೂ ನಕ್ಕರು. ಮೈದುನ ಕೊನೆಗೆ ಬಂದ. ಅಂಗೈ ಚಾಚಿ ಮಾತ್ರೆ ತೆಗೆದುಕೊಂಡ. ಹೋಗಲಿಲ್ಲ, ಅಲ್ಲೇ ನಿಂತ.

“ಅಕ್ಕೋರೆ,” ಎಂದ ಅವಳಿಗೆ, “ಒಂದ್ ಕೇಳ್ತೆ. ಜ್ವರ ಬಂದ್ ಎರಡ್ನೇ ದಿನನೇ ಔಷಧಿ ಕೊಟ್ಟಿದ್ರೆ ಉಳೀತಿದ್ಲಾ?”

ನಾನು ಜಗುಲಿಯ ಕಂಬದ ಹತ್ತಿರ ನೀರಿನ ತಂಬಿಗೆ ಹಿಡಿದು ನಿಂತಿದ್ದೆ, ಮಾತ್ರೆ ನುಂಗುವವರಿಗೆ ಕೊಡಲು. ಆಶಾ ಕಾರ್ಯಕರ್ತೆ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಅವಳು ಸುಳ್ಳು ಹೇಳಬಾರದು ಎಂದಷ್ಟೇ ನನಗಿತ್ತು.

“ಎಲ್ಲಾರೂ ಉಳೀತ್ರು ಹೇಳುಕೆ ಆಗ್ತಿಲ್ಲ ಅಣ್ಣಾ,” ಎಂದಳು. “ಆದ್ರೆ ಎರಡ್ನೇ ದಿನ ಬಂದವ್ರು... ಹೆಚ್ಚಿನವ್ರು ಉಳೀತ್ರು.”

“ಹೆಚ್ಚಿನವ್ರು,” ಎಂದ ಅವನು.

ನನ್ನ ಹತ್ತಿರ ಬಂದು ತಂಬಿಗೆ ತೆಗೆದುಕೊಂಡ. ಮಾತ್ರೆ ನುಂಗಿ ನೀರು ಕುಡಿದ. ತಂಬಿಗೆಯನ್ನು ನನ್ನ ಕೈಗೆ ಕೊಡಲಿಲ್ಲ, ಜಗುಲಿಯ ಮೇಲೆ ಇಟ್ಟ. ಆಮೇಲೆ ಸಸಿ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಹೆಂಗಸರ ಹಿಂದೆ ಗದ್ದೆಗೆ ಇಳಿದು ಹೋದ.